ನಿಂತೇ ಇದ್ದ ನಾಣ್ಯ

ಹೆಲಿಕಾಪ್ಟರು ನಡುಗದೆ ಹಾರಿದರೆ ಏನಾದೀತು? ಈ ಒಂದು ಪ್ರಶ್ನೆಯನ್ನು ನನ್ನ ಹೆಂಡತಿ ಸುಗುಣಾ ವರ್ಷಗಟ್ಟಲೆ ತಲೆಯಲ್ಲಿಟ್ಟುಕೊಂಡು ಓಡಾಡಿದಳು. ಅವಳ ತಲೆಯಲ್ಲಿ ಏನಾದರೂ ಹೊಕ್ಕಿತೆಂದರೆ ಅದನ್ನು ಹೊರಗೆ ಹಾಕುವುದು ನನ್ನ ಕೈಲಂತೂ ಆಗುವ ಮಾತಲ್ಲ. ಆದರೆ ಪ್ರಶ್ನೆ ಹುಟ್ಟಿದ್ದು ನನ್ನಿಂದ. ಹಾಗಾಗಿ ಈ ಕಥೆಯಲ್ಲಿ ನನ್ನದೂ ಒಂದು ಪಾಲಿದೆ ಎಂದು ಬಡಾಯಿ ಕೊಚ್ಚಿಕೊಳ್ಳುತ್ತೇನೆ. ಅವಳು ಕೇಳಿಸಿದರೂ ಕೇಳಿಸದವಳಂತೆ ಇದ್ದುಬಿಡುತ್ತಾಳೆ.

ನನ್ನ ಹೆಸರು ಜಯವಂತ ಹಾದಿಮನಿ. ಊರು ಗದಗಿಗೆ ಅಂಟಿಕೊಂಡ ಬೆಟಗೇರಿ, ಕಸುಬು ನರ್ಸ್. ನಮ್ಮ ಮಿಷನ್ ಕೇರಿಯಲ್ಲಿ ಗಂಡಸರು ನರ್ಸ್ ಆಗುವುದು ಹೊಸದೇನೂ ಅಲ್ಲ. ಆದರೆ ಹಾರುತ್ತಾ ನರ್ಸ್‌ಗಿರಿ ಮಾಡಿದವನು ನಾನೊಬ್ಬನೇ ಇರಬೇಕು. ನಾವಿರುವುದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಡ್ರೈ ಫೋರ್ಕ್ ಎಂಬ ಊರಿನಲ್ಲಿ. ಊರೆಂದರೆ ಎರಡು ಚರ್ಚು, ಒಂದು ಶಾಲೆ, ಸುತ್ತ ಮೆಣಸಿನಕಾಯಿ ಹೊಲ, ನಡುವೆ ಟಾಲ್ಮನ್ ಹೆಲಿಕಾಪ್ಟರ್ ಕಂಪನಿಯ ದೊಡ್ಡ ತಗಡಿನ ಶೆಡ್ಡುಗಳು. ಸುಗುಣಾ ಆ ಕಂಪನಿಯಲ್ಲಿ ಬ್ಲೇಡುಗಳ ಇಂಜಿನಿಯರು. ನಾನು ಅದೇ ಕಂಪನಿಯ ಹೆಲಿಕಾಪ್ಟರನ್ನು ಇಟ್ಟುಕೊಂಡಿರುವ ಏರ್ ಆಂಬುಲೆನ್ಸ್ ತಂಡದವನು. ಅವಳು ಮಾಡುತ್ತಾಳೆ, ನಾನು ಅದರಲ್ಲಿ ಕೂರುತ್ತೇನೆ. ಗಂಡಹೆಂಡಿರ ನಡುವೆ ಇದಕ್ಕಿಂತ ದೊಡ್ಡ ನಂಬಿಕೆ ಬೇಕೇ?

ಆಗ ನಮ್ಮಲ್ಲಿದ್ದದ್ದು ಟಾಲ್ಮನ್ ಹನ್ನೆರಡು. ಗಟ್ಟಿಮುಟ್ಟಾದ ಯಂತ್ರ, ಆದರೆ ಅದರ ನಡುಕ ಹೇಳತೀರದು. ಮೇಲೆ ತಿರುಗುವ ಪ್ರತಿ ಬ್ಲೇಡೂ ಒಂದು ಸುತ್ತಿನಲ್ಲಿ ಅರ್ಧ ಹೊತ್ತು ಗಾಳಿಗೆ ಎದುರಾಗಿ ಹೋಗುತ್ತದೆ, ಇನ್ನರ್ಧ ಹೊತ್ತು ಗಾಳಿಯ ಜೊತೆಗೆ. ಎದುರು ಹೋಗುವಾಗ ಜೋರಾಗಿ ಎತ್ತುತ್ತದೆ, ಜೊತೆಗೆ ಹೋಗುವಾಗ ಸೋಲುತ್ತದೆ. ಈ ಎಳೆದಾಟವೆಲ್ಲ ನಡುವಿನ ಕಂಬದಿಂದ ಇಳಿದು ನೆಲಕ್ಕೆ, ನೆಲದಿಂದ ನಮ್ಮ ಹಲ್ಲಿಗೆ ಬರುತ್ತಿತ್ತು. ಮನೆಗೆ ಬಂದು ಚಹಾದ ಕಪ್ಪು ಹಿಡಿದರೆ ಚಹಾ ತಟ್ಟೆಗೇ ಹೆಚ್ಚು ಹೋಗುತ್ತಿತ್ತು.

ಒಂದು ಸಲ ದಿನ ತುಂಬದೆ ಹುಟ್ಟಿದ ಕೂಸೊಂದನ್ನು ದೊಡ್ಡಾಸ್ಪತ್ರೆಗೆ ಒಯ್ಯುತ್ತಿದ್ದೆವು. ಅಂಗೈಯಷ್ಟಿದ್ದ ಕೂಸು. ದಾರಿಯಲ್ಲಿ ಅದರ ಕೈಗೆ ಚುಚ್ಚಿದ್ದ ಸೂಜಿ ಕಳಚಿತು. ಮತ್ತೆ ನರ ಹಿಡಿಯಬೇಕು. ನನ್ನ ಕೈ ನಡುಗುತ್ತಿದೆ, ಕೂಸು ನಡುಗುತ್ತಿದೆ, ಸೂಜಿಯ ತುದಿ ಎಲ್ಲಿದೆಯೆಂದೇ ಕಾಣದು. ನಮ್ಮ ಪೈಲಟ್ ಬೆನೀಟೊ ಬಾಕಾ ಹಿಂದೆ ತಿರುಗಿ ನನ್ನ ಮುಖ ನೋಡಿದವನೇ ಯಂತ್ರವನ್ನು ಒಂದು ಮೆಣಸಿನಕಾಯಿ ಹೊಲದಲ್ಲಿ ಇಳಿಸಿ ಇಂಜಿನ್ ಆರಿಸಿಬಿಟ್ಟ. ಆ ಸದ್ದಡಗಿದ ಹೊಲದಲ್ಲಿ ನರ ಒಂದೇ ಸಲಕ್ಕೆ ಸಿಕ್ಕಿತು, ಕೂಸು ಉಳಿಯಿತು. ಅದಾದ ಸ್ವಲ್ಪ ದಿನಕ್ಕೆ ಇನ್ನೊಂದು ಕೂಸಿಗೂ ಹಾಗೇ ಆಯಿತು. ಆ ಸಲ ಕೆಳಗಿದ್ದದ್ದು ಬರೀ ಬಂಡೆ, ಇಳಿಸಲು ಜಾಗವಿರಲಿಲ್ಲ. ಆ ಕೂಸು ನನ್ನ ಕೈಯಲ್ಲೇ ಹೋಯಿತು.

ಅವತ್ತು ಮನೆಗೆ ಬಂದು ಊಟ ಬೇಡವೆಂದೆ. ಹೀಗೆ ನಡುಗದ ಒಂದು ಯಂತ್ರ ಮಾಡಲು ನಿಮ್ಮ ಕಂಪನಿಗೆ ಯಾಕೆ ಆಗುವುದಿಲ್ಲ ಎಂದು ಸುಗುಣಾಳ ಮೇಲೆ ರೇಗಿದೆ. ಮರುದಿನ ಸಂಜೆ ನಾನು ಬೂಟು ಬಿಚ್ಚುತ್ತಿದ್ದಾಗ ಬಾಗಿಲಲ್ಲಿ ನಿಂತು, "ಇವತ್ತ ನಡುಗಿತೇನ್ರಿ?" ಎಂದು ಕೇಳಿದಳು. ಅವತ್ತಿನಿಂದ ದಿನಾ ಅದೇ ಪ್ರಶ್ನೆ. ಬೇರೆಯವರ ಹೆಂಡಿರು ಹಸಿವೆಯಾಯಿತಾ ಎಂದು ಕೇಳುತ್ತಾರೆ.

ಕಂಪನಿಯ ಒಡತಿ ಮಾರ್ಜರಿ ಟಾಲ್ಮನ್, ಕಂಪನಿ ಕಟ್ಟಿದವನ ಮೊಮ್ಮಗಳು. ಅರವತ್ತು ದಾಟಿದ, ಗಡಸು ದನಿಯ ಹೆಂಗಸು. ಸುಗುಣಾ ಹೇಳಿದ್ದನ್ನೆಲ್ಲ ಕೇಳಿ, ಹೊಸ ಮಾದರಿಗೆ, ಅಂದರೆ ಟಾಲ್ಮನ್ ಹದಿನೆಂಟಕ್ಕೆ, ನಡುಕ ಕಳೆಯುವ ಕೆಲಸವನ್ನು ಅವಳಿಗೇ ಒಪ್ಪಿಸಿದಳು. ಮೊದಲ ಯಂತ್ರದಲ್ಲಿ ನೆಲದಡಿ ಭಾರದ ಗುಂಡುಗಳನ್ನು ತೂಗುಬಿಟ್ಟರು. ನಡುಕ ತಗ್ಗಿತು, ಆದರೆ ಗುಂಡುಗಳ ತೂಕದಿಂದಾಗಿ ರೋಗಿಯನ್ನೇ ಕೆಳಗೆ ಬಿಟ್ಟು ಹಾರಬೇಕಾಯಿತು. ಎರಡನೆಯದರಲ್ಲಿ ನೆಲವನ್ನು ಎಣ್ಣೆ ತುಂಬಿದ ಬುಗ್ಗೆಗಳ ಮೇಲೆ ಕೂರಿಸಿದರು. ಬೇಸಿಗೆಯಲ್ಲಿ ಬಲು ಚೆನ್ನ. ಚಳಿಗಾಲ ಬಂದು ಎಣ್ಣೆ ಗಟ್ಟಿಯಾದಾಗ ಟಾಲ್ಮನ್ ಹನ್ನೆರಡೇ ವಾಸಿ ಅನ್ನಿಸಿತು. ಕಂಪನಿಯಲ್ಲಿ ಸುಗುಣಾಳ ಬೆನ್ನ ಹಿಂದೆ ನಗುವವರು ಹೆಚ್ಚಾದರು. ಅವಳು ನಗುವವರ ಕಡೆ ತಿರುಗಿಯೂ ನೋಡದೆ ಮೂರನೆಯದಕ್ಕೆ ಕೈಹಾಕಿದಳು.

ಮೂರನೆಯದರಲ್ಲಿ ಅವಳು ನೆಲವನ್ನು ಬಿಟ್ಟು ಬ್ಲೇಡಿಗೇ ಹೋದಳು. ತೂಗುವ ತೊಟ್ಟಿಲು ನಮ್ಮ ಕಡೆ ಬರುವಾಗ ಸರಿಯಾದ ಹೊತ್ತಿಗೆ ಎದುರು ಒತ್ತಿದರೆ ಅದು ನಿಂತುಬಿಡುತ್ತದಲ್ಲ, ಅದೇ ಲೆಕ್ಕ. ಪ್ರತಿ ಬ್ಲೇಡಿನ ಹಿಂದಂಚಿಗೆ ಪುಟ್ಟ ಕದಗಳನ್ನು ಕೂರಿಸಿದಳು. ಅವನ್ನು ಆಡಿಸುವುದು ವಿದ್ಯುತ್ ಹರಿದರೆ ಹಿಗ್ಗಿ ಕುಗ್ಗುವ ಹರಳಿನ ಬಿಲ್ಲೆಗಳು. ನೆಲ ಎಷ್ಟು ನಡುಗುತ್ತಿದೆಯೆಂದು ಕಂಪ್ಯೂಟರು ನೋಡುತ್ತದೆ, ಅಷ್ಟನ್ನು ಎದುರು ಒತ್ತಲು ಕದಗಳಿಗೆ ಹೇಳುತ್ತದೆ. ಕಂಪನಿಯವರು ಇದಕ್ಕೆ ಕ್ರೇಡಲ್ ಎಂದು ಹೆಸರಿಟ್ಟರು. ಮನೆಯಲ್ಲಿ ನಾವು ತೊಟ್ಟಿಲು ಎನ್ನುತ್ತಿದ್ದೆವು.

ಕೊಳ್ಳುವವರು ನಾವೇ ಆದ್ದರಿಂದ ಪರೀಕ್ಷೆಯ ಹಾರಾಟಗಳಿಗೆ ಬೆನೀಟೊನನ್ನೂ ನನ್ನನ್ನೂ ಕರೆಯುತ್ತಿದ್ದರು. ತೊಟ್ಟಿಲು ಮೊದಲ ಸಲ ಪೂರ್ತಿ ಕೆಲಸ ಮಾಡಿದ ದಿನ ಮಾರ್ಜರಿಯೂ ಬಂದಳು. ಮೇಲೆ ಹೋದ ಮೇಲೆ ತನ್ನ ತಾತನ ಕಾಲದ ಒಂದು ಬೆಳ್ಳಿಯ ಡಾಲರನ್ನು ಜೇಬಿನಿಂದ ತೆಗೆದು ಮುಂದಿನ ಹಲಗೆಯ ಮೇಲೆ ಚಕ್ರದಂತೆ ಅಂಚೂರಿ ನಿಲ್ಲಿಸಿದಳು. ನಾಣ್ಯ ನಿಂತಿತು. ಊರ ಮೇಲೆ ಒಂದು ಸುತ್ತು ಹಾಕಿ ಇಳಿಯುವವರೆಗೂ ನಿಂತೇ ಇತ್ತು. ಕೆಳಗೆ ಸುಗುಣಾ ಕಾಯುತ್ತಿದ್ದಳು. ಅವಳು ಕೇಳುವ ಮೊದಲೇ ನಾನು, ನಡುಗಲಿಲ್ಲ ಮಾರಾಯ್ತಿ ಎಂದೆ. ಅವಳು ಕನ್ನಡಕ ತೆಗೆದು, ಸೆರಗಿಲ್ಲದ್ದರಿಂದ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು. ನನಗಂತೂ ಕೈಯಲ್ಲೇ ಹೋದ ಆ ಕೂಸಿನ ನೆನಪಾಯಿತು.

ಆಮೇಲೆ ಆ ನಾಣ್ಯ ಎಲ್ಲ ಕಡೆ ಹೋಯಿತು. ಮಾರ್ಜರಿ ಯಾರಿಗೇ ಯಂತ್ರ ತೋರಿಸಿದರೂ ಡಾಲರ್ ನಿಲ್ಲಿಸಿ ತೋರಿಸುತ್ತಿದ್ದಳು. ಆರ್ಡರುಗಳು ಬಂದವು. ಊರಲ್ಲಿ ಮುಚ್ಚಿದ್ದ ಬೇಕರಿ ಮತ್ತೆ ತೆರೆಯಿತು. ಶೆಡ್ಡಿನಲ್ಲಿ ಎರಡು ಪಾಳಿ ಶುರುವಾಯಿತು. ಎಲ್ಲರೂ ಖುಷಿಯಲ್ಲಿದ್ದಾಗ ಬೆನೀಟೊ ಒಬ್ಬ ಮಾತ್ರ ಗೊಣಗುತ್ತಿದ್ದ. ತನ್ನ ಕುರ್ಚಿ ಮೊದಲು ತನ್ನ ಜೊತೆ ಮಾತಾಡುತ್ತಿತ್ತು, ಈಗ ಬಾಯಿ ಮುಚ್ಚಿಕೊಂಡಿದೆ, ಇದು ತನಗೆ ಹಿಡಿಸದು ಎನ್ನುತ್ತಿದ್ದ. ಸುಖ ಉಂಡರೆ ಅಜೀರ್ಣವಾಗುತ್ತದೆಯೇ ಎಂದು ನಾನು ಅವನನ್ನು ಛೇಡಿಸುತ್ತಿದ್ದೆ.

ಟಾಲ್ಮನ್ ಕಂಪನಿಯಲ್ಲಿ ಒಂದು ಸಂಪ್ರದಾಯವಿದೆ, ಅದನ್ನು ಇಲ್ಲಿ ಹೇಳಲೇಬೇಕು. ಮಾರ್ಜರಿಯ ತಾತನ ಕಾಲದಲ್ಲಿ ದಿನಾ ಬೆಳಗ್ಗೆ ಪ್ರತಿ ಬ್ಲೇಡಿನ ತುದಿಗೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣ ಹಚ್ಚಿ ತಿರುಗಿಸುತ್ತಿದ್ದರು. ಒಂದು ಕೋಲಿಗೆ ಬಿಳಿ ಕ್ಯಾನ್ವಾಸ್ ಬಟ್ಟೆ ಕಟ್ಟಿ ತಿರುಗುವ ತುದಿಗಳಿಗೆ ತಾಗಿಸುತ್ತಿದ್ದರು. ಬಟ್ಟೆಯ ಮೇಲೆ ಬಣ್ಣಗಳೆಲ್ಲ ಒಂದೇ ಎತ್ತರದಲ್ಲಿ ಬಿದ್ದರೆ ಬ್ಲೇಡುಗಳು ಒಂದೇ ದಾರಿಯಲ್ಲಿ ತಿರುಗುತ್ತಿವೆ ಎಂದರ್ಥ. ಯಾವುದಾದರೂ ಬಣ್ಣ ಮೇಲೆ ಕೆಳಗೆ ಬಿದ್ದರೆ ಆ ಬ್ಲೇಡಿನ ಅಂಚಿನ ತಗಡಿನ ಪಟ್ಟಿಯನ್ನು ಕೊಂಚ ಬಾಗಿಸಿ ಸರಿ ಮಾಡುತ್ತಿದ್ದರು. ಇಷ್ಟಾಗದೆ ಯಾರೂ ಹಾರುವಂತಿರಲಿಲ್ಲ. ಶೆಡ್ಡಿನ ಮಂದಿಯೆಲ್ಲ ಟೋಪಿ ತೆಗೆದು ನಿಂತು ನೋಡುತ್ತಿದ್ದರು. ಆ ಬಟ್ಟೆಯನ್ನು ಒಗೆಯಬಾರದೆಂದು ತಾತನ ಆಜ್ಞೆಯಿತ್ತು. ಹಳೆಯ ಬಣ್ಣಗಳ ಮೇಲೆ ಹೊಸ ಬಣ್ಣ ಬಿದ್ದು ಹೋಳಿಯ ಅಂಗಿಯಂತಾದ ಆ ಬಟ್ಟೆ ಈಗಲೂ ಶೆಡ್ಡಿನ ಗೋಡೆಯ ಮೇಲೆ ಗಾಜಿನೊಳಗಿದೆ.

ಹದಿನೆಂಟಕ್ಕೆ ಸೀಮೆಸುಣ್ಣ ಬೇಕಿರಲಿಲ್ಲ. ಆದರೆ ಸಂಪ್ರದಾಯ ಬಿಡುವುದು ಹೇಗೆ? ಅದಕ್ಕಾಗಿ ಒಂದು ಗುಂಡಿ ಇಟ್ಟರು. ಬೆಳಗ್ಗೆ ಮೆಕ್ಯಾನಿಕ್ ಗುಂಡಿ ಒತ್ತುತ್ತಾನೆ, ಯಂತ್ರ ತನ್ನ ಅವತ್ತಿನ ನಡುಕವನ್ನು ತಾನೇ ಅಳೆದು, ಅದನ್ನೇ ಸೊನ್ನೆ ಎಂದು ಇಟ್ಟುಕೊಂಡು, ಅದಕ್ಕೆ ತಕ್ಕಂತೆ ಕದಗಳನ್ನು ಹೊಂದಿಸಿಕೊಳ್ಳುತ್ತದೆ. ಹಸಿರು ದೀಪ ಹೊತ್ತುತ್ತದೆ. ಮಂದಿ ಆಗಲೂ ಟೋಪಿ ತೆಗೆದೇ ನಿಂತಿರುತ್ತಿದ್ದರು.

ನಮ್ಮ ತಂಡಕ್ಕೆ ಮೊದಲ ಯಂತ್ರ ಕೊಡುವ ದಿನ ಹತ್ತಿರ ಬಂದಿತ್ತು. ಪರೀಕ್ಷೆಯ ಯಂತ್ರವನ್ನು ಪೂರ್ತಿ ಬಿಚ್ಚಿ ನೋಡಿದಾಗ ಒಂದು ಬ್ಲೇಡಿನ ಬುಡದಲ್ಲಿ ಬಿರುಕು ಕಂಡಿತು. ಸಣ್ಣದಲ್ಲ, ಉಗುರು ಹೋಗುವಷ್ಟು. ಬಿಚ್ಚುವ ಹಿಂದಿನ ದಿನವೂ ಅದು ಹಾರಿತ್ತು, ನಾಣ್ಯ ನಿಂತಿತ್ತು, ದೀಪ ಹಸಿರಾಗಿತ್ತು. ಬಿಚ್ಚಿದಾಗ ಸಿಕ್ಕಿತಲ್ಲ, ನಮ್ಮ ತಪಾಸಣೆ ಸರಿಯಾಗಿದೆ ಎಂದಾಯಿತು, ಇನ್ನು ಮುಂದೆ ಬೇಗ ಬೇಗ ಬಿಚ್ಚಿ ನೋಡೋಣ ಎಂದು ಕಂಪನಿಯವರು ಬ್ಲೇಡು ಬದಲಿಸಿದರು. ಸುಗುಣಾ ಮಾತ್ರ ಮನೆಗೆ ಬಂದು ರೊಟ್ಟಿ ತಟ್ಟುತ್ತಾ ತಟ್ಟುತ್ತಾ ನಿಂತುಬಿಡುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಿಯಾಗುತ್ತಿತ್ತು. ಬಿರುಕು ಬಿಟ್ಟ ಬ್ಲೇಡು ಬಳುಕುತ್ತದೆ, ಬಳುಕಿದರೆ ಯಂತ್ರ ನಡುಗಲೇಬೇಕು, ಆ ನಡುಕ ಎಲ್ಲಿ ಹೋಯಿತು ಎಂಬುದೇ ಅವಳ ಚಿಂತೆ.

ನಮ್ಮ ಮನೆಯಲ್ಲಿ ಒಂದು ಕೀಲಿ ಕೊಡುವ ಗೋಡೆ ಗಡಿಯಾರವಿದೆ. ಮಾವ ಮದುವೆಗೆ ಕೊಟ್ಟದ್ದು, ಬೆಟಗೇರಿಯಿಂದ ಬಟ್ಟೆಯಲ್ಲಿ ಸುತ್ತಿ ತಂದದ್ದು. ದಿನಾ ಬೆಳಗ್ಗೆ ಅದಕ್ಕೆ ಕೀಲಿ ಕೊಟ್ಟು, ಫೋನು ನೋಡಿ ಮುಳ್ಳು ಸರಿ ಮಾಡುವುದು ನನ್ನ ಕೆಲಸ. ಆ ವಾರ ಒಂದು ಮಧ್ಯಾಹ್ನ ಗಡಿಯಾರ ಸುಮ್ಮನೆ ನಿಂತುಹೋಯಿತು. ನಿನ್ನೆಯ ತನಕ ಚೆಂದ ನಡೆಯುತ್ತಿತ್ತು, ಇದ್ದಕ್ಕಿದ್ದಂತೆ ಏನಾಯಿತೋ ಎಂದು ನಾನು ಅದನ್ನು ಕೆಳಗಿಳಿಸಿದೆ.

ಸುಗುಣಾ ನೋಡಿದಳು. "ನಿನ್ನೆ ಬೆಳಿಗ್ಗೆ ಎಷ್ಟ ಹಿಂದ ಇತ್ತರಿ?"

"ಯಾಂವ ನೋಡ್ಯಾನ? ದಿನಾ ಸರಿ ಮಾಡ್ತೀನಲ್ಲ."

"ಮೊನ್ನೆ?"

"ಸರಿ ಮಾಡೇನಿ ಅಂದ್ನೆಲ್ಲ. ಚೆಂದ ಇತ್ತು."

"ಅದು ಚೆಂದ ಇತ್ತೋ, ನೀವು ದಿನಾ ಚೆಂದ ಮಾಡ್ತಿದ್ದಿರೋ?"

ಅವಳು ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಕಾರಿನ ಕೀಲಿ ತೆಗೆದುಕೊಂಡು ಶೆಡ್ಡಿಗೆ ಹೋದಳು.

ಸಂಗತಿ ಅವಳು ಹೆದರಿದಂತೆಯೇ ಇತ್ತು. ಬಿರುಕು ದಿನಾ ಒಂದಿಷ್ಟು ಬೆಳೆದಿತ್ತು, ನಡುಕವೂ ದಿನಾ ಒಂದಿಷ್ಟು ಹೆಚ್ಚಿತ್ತು. ಆದರೆ ದಿನಾ ಬೆಳಗ್ಗೆ ಯಾರೋ ಟೋಪಿ ತೆಗೆದು ಗುಂಡಿ ಒತ್ತಿದ್ದರು. ನಿನ್ನೆಯ ರೋಗ ಇವತ್ತಿನ ಸೊನ್ನೆಯಾಗಿತ್ತು. ಕದಗಳು ಮೊದಲಿಗಿಂತ ಎಷ್ಟೋ ಪಾಲು ಹೆಚ್ಚು ಒದ್ದಾಡಿ ನೆಲವನ್ನು ಶಾಂತವಾಗಿಟ್ಟಿದ್ದವು, ಆ ಒದ್ದಾಟ ಯಾರಿಗೂ ಕಂಡಿರಲಿಲ್ಲ.

ಮಾರ್ಜರಿ ದಡ್ಡಿಯಲ್ಲ. ಕೇಳಿದ ಕೂಡಲೇ ಒಪ್ಪಿದಳು. ಸೊನ್ನೆಯನ್ನು ದಿನಾ ಬದಲಿಸುವುದು ಬೇಡ, ಯಂತ್ರ ಹುಟ್ಟಿದ ದಿನದ ಸೊನ್ನೆಯೇ ಕೊನೆಯವರೆಗೂ ಇರಲಿ, ಕದಗಳು ಎಷ್ಟು ದುಡಿಯುತ್ತಿವೆಯೆಂಬ ಅಂಕಿ ಪೈಲಟ್‌ನ ಪರದೆಯ ಮೇಲೆ ಬರಲಿ ಎಂದಳು. ಅದಕ್ಕೆ ಹೆಚ್ಚು ದಿನ ಬೇಡ. ಸುಗುಣಾ ಅಷ್ಟಕ್ಕೆ ಸುಮ್ಮನಾಗಲಿಲ್ಲ. ರಸ್ತೆಯ ಮೇಲೆ, ದೂಳಿನಲ್ಲಿ, ಕರೆಂಟಿನ ತಂತಿಗಳ ನಡುವೆ ಇಳಿಯುವ ಪೈಲಟ್ ಪರದೆಯ ಮೂಲೆಯ ಅಂಕಿ ನೋಡುತ್ತಾನೆಯೇ? ಆ ಅಂಕಿ ಕೊಡುವುದೂ ನಡುಕವನ್ನು ನುಂಗುವ ಅದೇ ಕಂಪ್ಯೂಟರೇ ಅಲ್ಲವೇ? ಅವಳಿಗೆ ಬೇಕಾದದ್ದು ಬೇರೆ. ಕದಗಳನ್ನು ಆಡಿಸುವ ತಂತಿಯಿಂದಲೇ ಒಂದು ಕವಲು ತೆಗೆದು ಪೈಲಟ್‌ನ ಕುರ್ಚಿಯಡಿ ಅಂಥವೇ ಹರಳಿನ ಬಿಲ್ಲೆಗಳನ್ನು ಇಡಬೇಕು, ನಡುವೆ ಕಂಪ್ಯೂಟರು ಇರಬಾರದು. ಮೇಲೆ ಕದಗಳು ಎಷ್ಟು ದುಡಿಯುತ್ತವೋ ಕೆಳಗೆ ಕುರ್ಚಿ ಅಷ್ಟು ನಡುಗಬೇಕು. ರೋಗಿ ಮಲಗುವ ನೆಲ ಶಾಂತವಾಗಿರಲಿ, ಹಾರಿಸುವವನಿಗೆ ಮಾತ್ರ ನಿಜ ಗೊತ್ತಿರಲಿ.

ನಡುಕ ತೆಗೆಯಲು ವರ್ಷಗಳನ್ನು ಕಳೆದವಳೇ ಈಗ ನಡುಕ ಹಾಕೋಣ ಎನ್ನುತ್ತಿದ್ದಾಳೆ ಎಂದು ಶೆಡ್ಡಿನಲ್ಲಿ ದೊಡ್ಡ ತಮಾಷೆಯಾಯಿತು. ಮಾರ್ಜರಿಗೆ ಅದು ತಮಾಷೆಯಾಗಿ ಕಾಣಲಿಲ್ಲ. ಕುರ್ಚಿ ಬದಲಿಸಿದರೆ ಸರಕಾರದ ಪರೀಕ್ಷೆಗಳೆಲ್ಲ ಮತ್ತೆ ಮೊದಲಿನಿಂದ ಆಗಬೇಕು, ಒಂದು ವರ್ಷ ಹೋಗುತ್ತದೆ, ಎರಡನೇ ಪಾಳಿ ನಿಲ್ಲಿಸಬೇಕಾಗುತ್ತದೆ. ಆಗುವುದಿಲ್ಲ ಎಂದಳು. ಕಂಪನಿಯ ನಿಯಮದ ಪ್ರಕಾರ ಬ್ಲೇಡಿನ ಇಂಜಿನಿಯರು ಸಹಿ ಹಾಕದೆ ಯಂತ್ರ ಶೆಡ್ಡಿನಿಂದ ಹೊರಗೆ ಹೋಗುವಂತಿಲ್ಲ. ಹಾಗಾದರೆ ನಾನು ಸಹಿ ಹಾಕುವುದಿಲ್ಲ ಎಂದು ಹೇಳಿ ಸುಗುಣಾ ಮನೆಗೆ ಬಂದಳು.

ಸುದ್ದಿ ಅವಳಿಗಿಂತ ಮೊದಲೇ ಊರು ತಲುಪಿತ್ತು. ಭಾನುವಾರ ಚರ್ಚಿನಲ್ಲಿ ನಮ್ಮ ಬೆಂಚಿಗೆ ಯಾರೂ ಬಂದು ಕೂರಲಿಲ್ಲ. ಬೇಕರಿಯವಳು ಬ್ರೆಡ್ಡು ಕೊಟ್ಟಳು, ಮಾತು ಕೊಡಲಿಲ್ಲ. ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ನಿಜವಾದ ಜಗಳವಾದದ್ದು ನಮ್ಮ ಅಡುಗೆಮನೆಯಲ್ಲಿ, ಮಾಡಿದವನು ನಾನು. ಇನ್ನೊಂದು ವರ್ಷ ಆ ಹನ್ನೆರಡರಲ್ಲಿ ಕೂಸುಗಳನ್ನು ಕುಲುಕಿಕೊಂಡು ಹೋಗಬೇಕಲ್ಲ ಎಂಬ ಸಂಕಟ ನನಗೆ.

"ನಿನ್ನ ಒಂದು ಸಹಿ ಸಲುವಾಗಿ ಎಷ್ಟ ಕೂಸು ಕಾಯಬೇಕ ಸುಗುಣಾ?"

ಅವಳು ಒಲೆ ಆರಿಸಿ ನನ್ನ ಎದುರು ಕೂತಳು. "ನಡುಗೋ ಯಂತ್ರದಾಗ ಕೂಸು ಸತ್ತರ ನಿಮಗ ಗೊತ್ತಾಗತೈತ್ರಿ, ಬಂದು ನನ್ನ ಮ್ಯಾಲೆ ಸಿಟ್ಟ ಮಾಡ್ತೀರಿ. ನಡುಗದ ಯಂತ್ರ ಬ್ಲೇಡು ಮುರಕೊಂಡು ಬಿತ್ತಂದ್ರ, ಸಿಟ್ಟ ಮಾಡಾಕ ನೀವು ಬರೂದಿಲ್ಲ."

ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ಎರಡು ದಿನ ಮುಖ ತಿರುಗಿಸಿಕೊಂಡೇ ಓಡಾಡಿದೆ. ಮೂರನೆಯ ದಿನ ಬೆನೀಟೊ ಮನೆಗೆ ಬಂದ. ನನ್ನ ಹತ್ತಿರ ಮಾತಾಡದೆ ನೇರ ಸುಗುಣಾಳ ಹತ್ತಿರ ಹೋಗಿ, ಮಾರ್ಜರಿಗೆ ಮಾತಿನಲ್ಲಿ ಹೇಳಿದರೆ ಆಗದು, ಅವಳನ್ನು ಆ ಕುರ್ಚಿಯಲ್ಲಿ ಕೂರಿಸಬೇಕು ಎಂದ.

ಸುಗುಣಾ ಮಾರ್ಜರಿಯ ಹತ್ತಿರ ಹೋಗಿ ಒಂದು ಪಂದ್ಯದಂತೆ ಮಾತಾಡಿಕೊಂಡಳು. ಇನ್ನೂ ಹಳೆಯ ಗುಂಡಿಯೇ ಇದ್ದ ಹದಿನೆಂಟನ್ನು ಸರಪಳಿಯಿಂದ ನೆಲಕ್ಕೆ ಬಿಗಿಯುವುದು. ದಿನಾ ಬೆಳಗ್ಗೆ ಗುಂಡಿ ಒತ್ತುವ ಮೊದಲು ಸುಗುಣಾ ಒಂದು ಬ್ಲೇಡಿನ ತಗಡಿನ ಪಟ್ಟಿಯನ್ನು ಬಾಗಿಸಬಹುದು, ಬಾಗಿಸದೆಯೂ ಇರಬಹುದು. ಮಾರ್ಜರಿ ಮುಂದೆ ಕೂತು, ಪರದೆ ನೋಡಲು ಪುರುಸೊತ್ತಿಲ್ಲದ ಪೈಲಟ್‌ನಂತೆ, ಬರೀ ಕುರ್ಚಿಯಲ್ಲಿ ಏನು ಅನ್ನಿಸಿತು ಎಂಬುದರ ಮೇಲೆ ಬಾಗಿಸಿದೆಯೋ ಇಲ್ಲವೋ ಹೇಳಬೇಕು. ಒಂದು ವಾರದಲ್ಲಿ ಒಂದು ಸಲ ಸರಿಯಾಗಿ ಹೇಳಿದರೂ ಸುಗುಣಾ ಸಹಿ ಹಾಕುತ್ತಾಳೆ. ಮಾರ್ಜರಿ ಹುಟ್ಟಿದ್ದೇ ಶೆಡ್ಡಿನಲ್ಲಿ ಎಂದು ಊರು ಹೇಳುತ್ತದೆ. ಅವಳು ನಕ್ಕು ಒಪ್ಪಿಕೊಂಡಳು.

ಬೆನೀಟೊ ಪೈಲಟ್, ಪಕ್ಕದಲ್ಲಿ ಮಾರ್ಜರಿ, ಹಿಂದೆ ಸುಗುಣಾ, ಅವಳ ಪಕ್ಕ ನಾನು. ನನ್ನ ಮುಂದಿನ ಪುಟ್ಟ ಹಾಸಿಗೆಯಲ್ಲಿ ನಾವು ಅಭ್ಯಾಸಕ್ಕೆ ಬಳಸುವ, ಎಳೆಗೂಸಿನ ತೂಕದ ರಬ್ಬರ್ ಗೊಂಬೆ. ಬ್ಲೇಡುಗಳು ಪೂರ್ತಿ ವೇಗಕ್ಕೆ ಬಂದಾಗ ಮಾರ್ಜರಿ ಡಾಲರ್ ನಿಲ್ಲಿಸುತ್ತಿದ್ದಳು. ಕಣ್ಣು ಮುಚ್ಚಿ ಎರಡೂ ಅಂಗೈಗಳನ್ನು ಕುರ್ಚಿಯ ಮೇಲೆ ಒತ್ತಿ ಕೂರುತ್ತಿದ್ದಳು. ಆಮೇಲೆ ಬಾಗಿಸಿಲ್ಲ ಎನ್ನುತ್ತಿದ್ದಳು. ಸುಗುಣಾ ಹೌದು ಅಲ್ಲ ಏನೂ ಹೇಳುತ್ತಿರಲಿಲ್ಲ. ಮರುದಿನವೂ ಬಾಗಿಸಿಲ್ಲ. ಅದರ ಮರುದಿನವೂ ಅದೇ. ದೀಪ ಹಸಿರು, ನೆಲ ಹಾಸಿದ ಕಲ್ಲಿನಷ್ಟು ನಿಶ್ಚಲ.

ಕೊನೆಯ ದಿನ ಮಾರ್ಜರಿ ತುಂಬಾ ಹೊತ್ತು ಕಣ್ಣು ಮುಚ್ಚಿ ಕೂತಿದ್ದಳು. ಕಣ್ಣು ತೆರೆದು, ನಿಂತಿದ್ದ ನಾಣ್ಯವನ್ನು ನೋಡಿ, "ನೀನು ಈ ವಾರ ಪಟ್ಟಿಯನ್ನು ಮುಟ್ಟೇ ಇಲ್ಲ. ನನ್ನನ್ನು ಆಟ ಆಡಿಸುತ್ತಿದ್ದೀಯ," ಎಂದಳು.

ಸುಗುಣಾ ನನಗೆ ಗೊಂಬೆ ಹಿಡಿದುಕೊಳ್ಳಲು ಸನ್ನೆ ಮಾಡಿ, ಕದಗಳನ್ನು ಆಡಿಸುವ ತೊಟ್ಟಿಲಿನ ಸ್ವಿಚ್ಚನ್ನು ಆರಿಸಿದಳು.

ನಾಣ್ಯ ಎಲ್ಲಿ ಹಾರಿತೋ ಯಾರೂ ನೋಡಲಿಲ್ಲ. ಯಂತ್ರ ಸರಪಳಿ ಕಿತ್ತುಕೊಳ್ಳುವಂತೆ ಕುಣಿಯಿತು. ನನ್ನ ಹಲ್ಲು ನಾಲಿಗೆಯನ್ನು ಕಚ್ಚಿತು, ಮಾರ್ಜರಿಯ ಕನ್ನಡಕ ನನ್ನ ಕಾಲ ಬಳಿ ಬಂದು ಬಿತ್ತು. ಗೊಂಬೆಯನ್ನು ಎದೆಗೆ ಒತ್ತಿ ಹಿಡಿದರೂ ಅದರ ತಲೆ ನನ್ನ ಗದ್ದಕ್ಕೆ ಬಡಿಯುತ್ತಿತ್ತು. ಇದು ಗೊಂಬೆ, ಇದು ಗೊಂಬೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಹನ್ನೆರಡರ ನಡುಕ ಇದರ ಮುಂದೆ ಏನೂ ಅಲ್ಲ. ಬೆನೀಟೊ ಕೂಡಲೇ ಇಂಜಿನ್ ಆರಿಸಿದ. ಬ್ಲೇಡುಗಳು ನಿಧಾನವಾಗಿ ನಿಂತವು.

ಎಂದಿನಿಂದ ಬಾಗಿಸುತ್ತಿದ್ದೆ ಎಂದು ಮಾರ್ಜರಿ ಕೇಳಿದಳು. ಮೊದಲ ದಿನದಿಂದ, ದಿನಾ ಕೂದಲೆಳೆಯಷ್ಟು ಎಂದು ಸುಗುಣಾ ಹೇಳಿದಳು.

ಇಷ್ಟು ದಿನ ತಾನು ಇದರ ಮೇಲೆ ಕೂತಿದ್ದೆ ಎಂಬುದು ಮಾರ್ಜರಿಗೆ ತಿಳಿದದ್ದು ಅವಳ ಮುಖದ ಮೇಲೆ ಕಂಡಿತು. ನಿಜ ಹೇಳಬೇಕೆಂದರೆ ನನ್ನ ಮುಖವೂ ಹಾಗೇ ಇದ್ದಿರಬೇಕು. ಸಹಿ ಹಾಕು ಹಾಕು ಎಂದು ಹೆಂಡತಿಯನ್ನು ಪೀಡಿಸಿದವನು ನಾನೇ ತಾನೆ. ಮಾರ್ಜರಿ ಇಳಿದು ಗೋಡೆಯ ಮೇಲಿದ್ದ ಬಟ್ಟೆಯ ಹತ್ತಿರ ಹೋಗಿ ನಿಂತಳು. ಶೆಡ್ಡಿನ ಮಂದಿ ಕೆಲಸ ಬಿಟ್ಟು ಸುತ್ತ ಸೇರಿದರು.

"ನಮ್ಮ ತಾತ ಬಟ್ಟೆ ಮೇಲೆ ಬಿದ್ದ ಬಣ್ಣ ನೋಡುತ್ತಿದ್ದ," ಎಂದಳು. "ನಾವು ದಿನಾ ಬೆಳಗ್ಗೆ ಟೋಪಿ ತೆಗೆದು ಬಟ್ಟೆ ಒಗೆಯುತ್ತಿದ್ದೆವು."

ಮಾರ್ಜರಿ ಕುರ್ಚಿ ಬದಲಿಸಲು ಒಪ್ಪಿದಳು, ಆದರೆ ಆ ವರ್ಷ ಸುಖದ ವರ್ಷವಾಗಿರಲಿಲ್ಲ. ಎರಡನೇ ಪಾಳಿ ನಿಂತಿತು, ಬೇಕರಿ ಮತ್ತೆ ಮುಚ್ಚಿತು, ಒಂದೆರಡು ಆರ್ಡರು ಕೈಬಿಟ್ಟು ಹೋದವು. ಮಾರ್ಜರಿ ತನ್ನ ಹೊಲ ಮಾರಿ ಶೆಡ್ಡು ನಡೆಸಿದಳು ಎಂದು ಊರಲ್ಲಿ ಮಾತಿತ್ತು. ನಾವು ಹನ್ನೆರಡರಲ್ಲೇ ಹಾರಿದೆವು. ಬೆನೀಟೊ ಬೇಕಾದಲ್ಲೆಲ್ಲ ಹೊಲ ಹುಡುಕಿ ಇಳಿಸಿದ, ನಾನು ಆದಷ್ಟು ಕೂಸುಗಳನ್ನು ಉಳಿಸಿದೆ, ಎಲ್ಲವನ್ನೂ ಅಲ್ಲ. ಅಂಥ ಸಂಜೆಗಳಲ್ಲಿ ಸುಗುಣಾ ಪ್ರಶ್ನೆ ಕೇಳದೆ ಚಹಾ ಮಾಡಿಕೊಡುತ್ತಿದ್ದಳು. ಗಡಿಯಾರ ರಿಪೇರಿಯಾಗಿ ಬಂದ ಮೇಲೆ ಅದರ ಮುಳ್ಳನ್ನು ಮುಟ್ಟಬಾರದೆಂದು ನನಗೆ ಕಟ್ಟಪ್ಪಣೆಯಾಯಿತು. ಹೀಗಾಗಿ ನಮ್ಮ ಮನೆಯಲ್ಲಿ ಎರಡು ಹೊತ್ತು, ಗೋಡೆಯದೊಂದು, ಫೋನಿನದೊಂದು. ಯಾವುದು ಎಷ್ಟು ಹಿಂದಿದೆಯೆಂದು ಈಗ ಇಬ್ಬರಿಗೂ ಗೊತ್ತಿರುತ್ತದೆ.

ಮುಂದಿನ ಶರತ್ಕಾಲದಲ್ಲಿ, ಊರೆಲ್ಲ ಹಸಿಮೆಣಸಿನಕಾಯಿ ಹುರಿಯುವ ಘಾಟು ತುಂಬಿದ್ದಾಗ, ಸುಗುಣಾ ಸಹಿ ಹಾಕಿದಳು. ಹದಿನೆಂಟು ನಮ್ಮ ಕೈಗೆ ಬಂತು. ಬೆನೀಟೊ ಕುರ್ಚಿಯಲ್ಲಿ ಕೂತು, ಸಣ್ಣಗೆ ಗುರುಗುಟ್ಟುವ ಅದರ ನಡುಕವನ್ನು ಅನುಭವಿಸಿ, ಬಹಳ ದಿನಕ್ಕೆ ಸಿಕ್ಕ ಗೆಳೆಯನನ್ನು ಕಂಡವನಂತೆ ಕುರ್ಚಿಯನ್ನು ತಟ್ಟಿದ. ಹಿಂದೆ ನನ್ನ ನೆಲ ನಿಶ್ಚಲ. ನಾನು ಹಾರುತ್ತಲೇ ಸೂಜಿ ಚುಚ್ಚಿದೆ, ಚಹಾ ಕುಡಿದೆ, ತಟ್ಟೆಗೆ ಒಂದು ಹನಿ ಬೀಳಲಿಲ್ಲ.

ಚಳಿಗಾಲದ ಮೊದಲಲ್ಲಿ ಒಂದು ದಿನ, ದಿನ ತುಂಬದ ಹೆಣ್ಣುಕೂಸನ್ನು ಒಯ್ಯುತ್ತಿದ್ದೆವು. ಬೆಳಗ್ಗೆ ಎಲ್ಲ ಸರಿಯಾಗಿತ್ತು, ಪರದೆಯ ಅಂಕಿಯೂ ಸರಿಯಾಗಿತ್ತು. ಅರ್ಧ ದಾರಿಯಲ್ಲಿ ಬೆನೀಟೊ ತಲೆ ಓರೆ ಮಾಡಿದ. ನನಗೆ ಏನೂ ತಿಳಿಯಲಿಲ್ಲ, ಕೂಸು ಬಾಯಿ ಚಪ್ಪರಿಸುತ್ತಾ ಮಲಗಿತ್ತು. ಅವನು ಕುರ್ಚಿಯ ಅಂಚನ್ನು ಮುಟ್ಟಿ, ಇಳಿಸುತ್ತಿದ್ದೇನೆ ಎಂದಷ್ಟೇ ಹೇಳಿದ. ಏನಾಯಿತೆಂದು ಕೇಳುವಷ್ಟರಲ್ಲಿ ಯಂತ್ರ ಬಾಗಿ ಇಳಿಯತೊಡಗಿತ್ತು. ಅವನ ಭುಜಗಳು ಅದುರುತ್ತಿದ್ದುದು ನನಗೆ ಹಿಂದಿನಿಂದ ಕಾಣುತ್ತಿತ್ತು, ನನ್ನ ಮುಂದಿನ ಸಲೈನ್ ಬಾಟಲಿಯ ನೀರು ಅಲುಗುತ್ತಿರಲಿಲ್ಲ. ಕೊಯ್ಲು ಮುಗಿದ ಮೆಣಸಿನಕಾಯಿ ಹೊಲವೊಂದರಲ್ಲಿ ಇಳಿದೆವು.

ಬ್ಲೇಡುಗಳು ನಿಂತ ಮೇಲೆ ಬೆನೀಟೊ ಮೇಲೆ ಹತ್ತಿ ನೋಡಿದ. ಒಂದು ಬ್ಲೇಡಿನ ಬುಡದಲ್ಲಿ ಹೊಸ ಬಿರುಕು. ಅವತ್ತೇ ಶುರುವಾಗಿ, ಅವತ್ತೇ ಬುಡದ ಅರ್ಧದವರೆಗೆ ಹರಿದಿತ್ತು. ಅವನು ಕೆಳಗಿಳಿದು ನೆಲದ ಮೇಲೇ ಕೂತುಬಿಟ್ಟ. ನಾನು ಕೂಸಿನ ಉಸಿರು ನೋಡಿದೆ, ಸೂಜಿ ನೋಡಿದೆ, ಎಲ್ಲ ಇದ್ದಲ್ಲೇ ಇತ್ತು. ರಸ್ತೆಯ ಆಂಬುಲೆನ್ಸು ಹತ್ತಿರದ ಊರಿನಿಂದ ಹೊರಟಿತ್ತು, ದೊಡ್ಡಾಸ್ಪತ್ರೆ ಇನ್ನು ದೂರವಿರಲಿಲ್ಲ. ಕೂಸು ಉಳಿಯುತ್ತದೆ ಎಂದು ನನಗೆ ಅನ್ನಿಸಿತು, ಉಳಿಯಿತು ಕೂಡ. ಆಗ ಫೋನು ಬಂತು. ಯಂತ್ರ ಇಳಿದ ಸುದ್ದಿ ಶೆಡ್ಡಿಗೆ ತಲುಪಿತ್ತು.

"ನಡುಗಿತೇನ್ರಿ?" ಎಂದಳು ಸುಗುಣಾ. ದನಿ ಸಣ್ಣದಾಗಿತ್ತು.

"ನಡುಗ್ತು. ಬೆನೀಟೊನ ಕುರ್ಚಿ ಭಾಳ ನಡುಗ್ತು."

"ಕೂಸು?"

"ಮಲಕೊಂಡೈತಿ. ಅದಕ್ಕ ಏನೂ ಗೊತ್ತಾಗಿಲ್ಲ."

ಆ ಕಡೆಯಿಂದ ಏನೋ ಸದ್ದು ಬಂತು. ಅವಳು ಅಳುತ್ತಿದ್ದಾಳೆ ಎಂದು ನನಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು, ಯಾಕೆಂದರೆ ಇಷ್ಟು ವರ್ಷಗಳಲ್ಲಿ ಆ ಸದ್ದನ್ನು ನಾನು ಕೇಳಿರಲಿಲ್ಲ. ನಾನೂ ಆ ಹೊಲದಲ್ಲಿ ನಿಂತು ನಾಚಿಕೆಯಿಲ್ಲದೆ ಅತ್ತೆ. ಆಮೇಲೆ ಅವಳು ಮೂಗು ಎಳೆದುಕೊಂಡಳು. ಬ್ಲೇಡಿಗೆ ಯಾರೂ ಕೈ ಹಚ್ಚಬಾರದು, ಹಂಗ ಬಿಡಾಕ ಹೇಳ್ರಿ, ನಾ ಈಗ ಹೊಂಟೇನಿ ಎಂದು ಹೇಳಿ ಫೋನು ಇಟ್ಟಳು.